ಮೈಲೇಶನ ಗಾಡಿ ಮತ್ತು ಟುವಾಲು ದೇಶದ ಪ್ರಧಾನಿ

ಕರೆಹೊಂಡದ ಮೈಲೇಶನಿಗೆ ಏನು ಬೇಕಾದರೂ ಅನ್ನಿ, ನಕ್ಕು ಸುಮ್ಮನಾಗುತ್ತಾನೆ. ಗಾಡಿ ತಡವಾಯಿತು ಅಂದಿರೋ, ಮುಗಿಯಿತು, ಎಂಟು ದಿನ ಮಾತು ಬಿಡುತ್ತಾನೆ. ರಾಣೆಬೆನ್ನೂರಿನಲ್ಲಿ ಕೊಂಡ ಹಳೆಯ ಬಿಳಿ ಟೆಂಪೊ ಟ್ರಾವೆಲರ್ ಅವನದು. ದಿನಾ ಬೆಳಿಗ್ಗೆ ಊರಿನ ಹೆಂಗಸರನ್ನು ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಬ್ಯಾಡಗಿಗೆ ಮುಟ್ಟಿಸುವುದು, ನಡುವೆ ಕಾಗಿನೆಲೆಗೆ ಹೊರಟವರು, ಮದುವೆಯ ಬೀಗರು, ಸಂಜೆ ಮತ್ತೆ ಅದೇ ಹೆಂಗಸರು. ಅವನ ಹೆಂಡತಿ ಬೀರವ್ವನೂ ಆ ಹೆಂಗಸರಲ್ಲಿ ಒಬ್ಬಳು. ಅವಳು ತಡ ಮಾಡಿದರೆ ಅವಳನ್ನೂ ಬಿಟ್ಟು ಹೋದವನು ಈ ಮಹಾರಾಯ.

ಆದರೆ ಅವನ ಹೆಸರು ಸುತ್ತಿನ ಹಳ್ಳಿಗಳಲ್ಲಿ ಓಡಾಡಿದ್ದು ಬೇರೆ ಕಾರಣಕ್ಕೆ. ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷರನ್ನು ಆರಿಸುವವರು ಸದಸ್ಯರು. ಆ ಸದಸ್ಯರು ಚುನಾವಣೆಗೆ ಮುಂಚೆ ಎದುರಿನವರ ಕೈಗೆ ಸಿಗಬಾರದು ಅಂತ ಅವರನ್ನು ಗಾಡಿಯಲ್ಲಿ ತುಂಬಿ ಸಮುದ್ರ ತೋರಿಸಲು ಒಯ್ಯುವುದು ನಮ್ಮ ಕಡೆ ಈಗ ಶಾಸ್ತ್ರವೇ ಆಗಿದೆ. ಇದಕ್ಕೆ ಟೂರು ಎಂದು ಹೆಸರು. ಟೂರಿಗೆ ಮೈಲೇಶನೇ ಬೇಕು. ಎಲ್ಲರ ಫೋನುಗಳನ್ನು ಒಂದು ಚೀಲದಲ್ಲಿ ಹಾಕಿ ಸೀಟಿನ ಕೆಳಗೆ ಇಟ್ಟರೆ ದೇವರು ಬಂದು ಕೇಳಿದರೂ ಕೊಡುವವನಲ್ಲ. ಬಾಯಿ ಬಿಡುವವನಂತೂ ಅಲ್ಲವೇ ಅಲ್ಲ.

ಇಂಥವನ ಬಾಯಿ ಬಿಡಿಸಿದವಳು ಮಗಳು ಕಾವೇರಿ. ಹಾವೇರಿಯಲ್ಲಿ ಬಿ.ಎ. ಓದುವ ಅವಳ ತರಗತಿಯಲ್ಲಿ ದೇಶಗಳ ಹೆಸರಿನ ಚೀಟಿ ಎತ್ತಿಸಿದರಂತೆ. ಒಬ್ಬೊಬ್ಬರೂ ಒಂದೊಂದು ದೇಶದ ಪ್ರಧಾನಿ ಹೇಗೆ ಆಗುತ್ತಾನೆ, ಹೇಗೆ ಹೋಗುತ್ತಾನೆ ಅಂತ ಮಾತಾಡಬೇಕು. ಗೆಳತಿಗೆ ಬ್ರಿಟನ್ ಬಂತು, ಇವಳಿಗೆ ಟುವಾಲು. ಹುಡುಗಿ ಮುಖ ಊದಿಸಿಕೊಂಡು ಮನೆಗೆ ಬಂದಳು. ಅಭ್ಯಾಸಕ್ಕೆ ಕೇಳುವವರು ಬೇಕಿತ್ತು, ಗಾಡಿ ತೊಳೆಯುತ್ತಿದ್ದ ಅಪ್ಪ ಸಿಕ್ಕ.

"ಪೆಸಿಫಿಕ್ ಸಮುದ್ರದಾಗ ಒಂಬತ್ತು ನಡುಗಡ್ಡಿ ಅಪ್ಪಾ. ಎಲ್ಲಾ ಸೇರಿದ್ರೂ ನಮ್ಮ ಬ್ಯಾಡಗಿ ಅರ್ಧದಷ್ಟೂ ಜನ ಇಲ್ಲ."

"ಅದಕ್ಕೂ ಒಬ್ಬ ಪ್ರಧಾನಿ ಅದಾನೇನು?"

"ಮತ್ತ! ಮೊದ್ಲು ಬ್ರಿಟಿಷರ ಕೈಯಾಗಿತ್ತು. ಆಗ ಮುಖ್ಯಮಂತ್ರಿ ಅಂತಿದ್ರು. ಸಾವಿರದೊಂಬೈನೂರಾ ಎಪ್ಪತ್ತೆಂಟರಾಗ ಸ್ವತಂತ್ರ ಆದ್ರು, ಇದ್ದ ಮುಖ್ಯಮಂತ್ರೀನ ಮೊದಲನೇ ಪ್ರಧಾನಿ ಆದ. ರಾಜಾ ಮಾತ್ರ ಇವತ್ತಿಗೂ ಬ್ರಿಟನ್ನಿನವನ, ಅವನ ಪರವಾಗಿ ಒಬ್ಬ ಗವರ್ನರ್ ಜನರಲ್. ಕಾರಭಾರ ಎಲ್ಲಾ ಪ್ರಧಾನೀದು. ಪಾರ್ಲಿಮೆಂಟಿನಾಗ ಈಗ ಹದಿನಾರ ಮಂದಿ. ಪಕ್ಷ ಅನ್ನೋದ ಇಲ್ಲ. ಅವ್ರ ಒಳಗ ಗುಪ್ತ ಓಟು ಹಾಕಿ ಒಬ್ಬನ್ನ ಆರಿಸ್ತಾರ. ಬ್ಯಾಡಾದ್ರ ಅವಿಶ್ವಾಸ."

ಮೈಲೇಶನ ಕೈಯಲ್ಲಿದ್ದ ಅರಿವೆ ಬಕೆಟ್ಟಿಗೆ ಬಿತ್ತು. ಪಕ್ಷ ಇಲ್ಲ! ಗುಪ್ತ ಓಟು! ಅವಿಶ್ವಾಸ! ಇದು ನಮ್ಮ ಪಂಚಾಯಿತಿಯೇ ಅಲ್ಲವೇ? ಹಿಂದೊಮ್ಮೆ ಆ ಪಾರ್ಲಿಮೆಂಟಿನಲ್ಲಿ ಹದಿನೈದೇ ಜನರಿದ್ದಾಗ ಒಬ್ಬ ಪ್ರಧಾನಿ ಮೂರು ತಿಂಗಳೂ ಕೂರದೆ ಎಂಟು-ಏಳರ ಓಟಿನಲ್ಲಿ ಇಳಿದ ಎಂದು ಕೇಳಿದಾಗಲಂತೂ ಅವನು ತೊಡೆ ತಟ್ಟಿದ. ಕರೆಹೊಂಡದಲ್ಲೂ ಸದಸ್ಯರು ಹದಿನೈದೇ!

"ಹಂಗಾರ ಅವ್ರನ್ನ ಟೂರಿಗೆ ಯಾರು ಒಯ್ತಾರ?" ಎಂದು ಗಂಭೀರವಾಗಿ ಕೇಳಿದ.

ಕಾವೇರಿ ಬಿದ್ದು ಬಿದ್ದು ನಕ್ಕಳು. "ಸುತ್ತಲೂ ಸಮುದ್ರಾನ ಐತಿ, ಎಲ್ಲಿಗೆ ಒಯ್ಯೋದಪ್ಪಾ? ಎರಡ ಸಾವಿರದಾ ಇಪ್ಪತ್ನಾಲ್ಕರಾಗ ಏನಾತು ಕೇಳು. ಆರಿಸಿ ಬಂದವ್ರು ಕೆಲವ್ರು ದೂರದ ನಡುಗಡ್ಡಿಯಾಗ ಉಳದ್ರು. ಗಾಳಿ ಜೋರು, ಬೋಟ್ ಹೊರಡವಲ್ದು. ರಾಜಧಾನ್ಯಾಗ ಇದ್ದವ್ರು ವಾರಗಟ್ಟಲೆ ಕಾಯ್ದ್ರು. ಎಲ್ಲಾರೂ ಬಂದ ಮ್ಯಾಲೇನ ಪ್ರಧಾನಿ ಆಗಿದ್ದು."

ಆ ಬೋಟಿನ ಕಥೆ ಅವನಿಗೆ ಹುಚ್ಚು ಹಿಡಿಸಿತು. ಬ್ಯಾಡಗಿಯ ಹಮಾಲರಿಗೆ ಹೇಳಿದ, ಗುತ್ತಲದ ಚಹಾದಂಗಡಿಯಲ್ಲಿ ಹೇಳಿದ, ಗಾಡಿಯಲ್ಲಿ ಹೆಂಗಸರಿಗೆ ಹೇಳಿದ. "ಸಾಕ್ ಮುಚ್ರಿ, ಮುಂದ ನೋಡಿ ಗಾಡಿ ಹೊಡೀರಿ" ಎಂದು ಬೀರವ್ವನೇ ಗದರಿಸಬೇಕಾಯಿತು.

ಅಷ್ಟರಲ್ಲಿ ಕರೆಹೊಂಡದಲ್ಲೇ ಅವಿಶ್ವಾಸ ಬಂದು ಅಧ್ಯಕ್ಷೆ ಇಳಿದಳು. ಖುರ್ಚಿ ಮಹಿಳೆಗೆ ಮೀಸಲು. ಗುತ್ತಿಗೆದಾರ ಚನ್ನೇಶನ ಹೆಂಡತಿ ಅಂಜಲಿ ಸದಸ್ಯೆ. ಅವಳನ್ನೇ ಅಧ್ಯಕ್ಷೆ ಮಾಡಬೇಕೆಂದು ಚನ್ನೇಶ ಅವಳಲ್ಲದೆ ಇನ್ನೂ ಏಳು ಜನ ಸದಸ್ಯರನ್ನು ಕೂಡಿಸಿ, ಮೈಲೇಶನ ಗಾಡಿ ಗೊತ್ತು ಮಾಡಿದ. ಬೀರವ್ವನೂ ಸದಸ್ಯೆಯೇ. ಅವಳನ್ನೂ ಕರೆದಿದ್ದರು, "ನನಗ ತುಂಬು ಬಿಡಿಸಾಕ ಹೋಗೋದೈತಿ" ಎಂದು ಒಲ್ಲೆನೆಂದಳು. ಮೆತ್ತಗಿನ ಹೆಂಗಸು, ಇವಳಿಂದ ಏನಾದೀತು ಎಂದು ಚನ್ನೇಶ ತಲೆ ಕೆಡಿಸಿಕೊಳ್ಳಲಿಲ್ಲ. ಮೈಲೇಶನೂ ಮಾತು ಕೊಟ್ಟು ಮುರುಡೇಶ್ವರಕ್ಕೆ ಹೊರಟ.

ಚುನಾವಣೆಯ ದಿನ ಬೆಳಿಗ್ಗೆ ಚನ್ನೇಶ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ನಾಮಪತ್ರ ಕೊಡಲು ಮುಂದೆ ಹೋದ. ಮಧ್ಯಾಹ್ನದ ಓಟಿಗೆ ಉಳಿದ ಏಳು ಜನರನ್ನು ಮುಟ್ಟಿಸುವುದು ಮೈಲೇಶನ ಕೆಲಸ. ಶಿರಸಿ ದಾಟಿ ಹಾನಗಲ್ಲಿನ ದಾರಿಯಲ್ಲಿದ್ದಾಗ ಕಾವೇರಿಯ ಫೋನು.

"ಅಪ್ಪಾ! ಅವ್ವ ನಿಂತಾಳ!"

"ಎಲ್ಲಿ ನಿಂತಾಳ? ಬಸ್ ಸಿಗಲಿಲ್ಲೇನು?"

"ಅಧ್ಯಕ್ಷಗಿರಿಗೆ ನಿಂತಾಳಪ್ಪಾ! ಇಲ್ಲಿ ಉಳದವ್ರು ಏಳೂ ಮಂದಿ ಒಂದಾಗ್ಯಾರ!"

ಮೈಲೇಶ ಲೆಕ್ಕ ಹಾಕಿದ. ಊರಲ್ಲಿ ಬೀರವ್ವನ ಕಡೆ ಏಳು, ಅಂಜಲಿ ಒಬ್ಬಳು. ಗಾಡಿಯಲ್ಲಿ ಏಳು. ಗಾಡಿ ಮುಟ್ಟಿದರೆ ಹೆಂಡತಿ ಒಂದು ಓಟಿನಿಂದ ಸೋಲುತ್ತಾಳೆ. ಮುಟ್ಟದಿದ್ದರೆ ಹೆಂಡತಿ ಅಧ್ಯಕ್ಷೆ! ಹಿಂದೆ ಕುಳಿತವರಿಗೆ ಇದಾವುದೂ ಗೊತ್ತಿಲ್ಲ, ಅವರ ಫೋನುಗಳೆಲ್ಲ ಚೀಲದಲ್ಲಿವೆ. ಮರುಗಳಿಗೆಯೇ ಚನ್ನೇಶನ ಫೋನು. "ಮೈಲೇಶಾ, ಆಟ ಗೀಟ ಹೂಡಿದ್ರ ನೆಟ್ಟಗಿರಂಗಿಲ್ಲ ನೋಡು!"

ಹಾನಗಲ್ಲು ದಾಟಿದ್ದೇ ತಡ, ಹಿಂದಿನ ಗಾಲಿ ಪಂಕ್ಚರ್ ಆಯಿತು. ಖರೇ ಪಂಕ್ಚರ್, ಅವನು ಮಾಡಿದ್ದಲ್ಲ! ಸ್ಟೆಪ್ನಿಯಲ್ಲೂ ಗಾಳಿ ಇಲ್ಲ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಜಾಕಿ ಕೈಯಲ್ಲಿ ಹಿಡಿದು ನಿಂತೇಬಿಟ್ಟ. ತುಂಬು ಬಿಡಿಸಲು ದಿನಾ ಅವನ ಗಾಡಿಯಲ್ಲೇ ಬರುವ ಸದಸ್ಯೆ ಬಿಸ್ಮಿಲ್ಲಾಬಿ ಇಳಿದು ಬಂದಳು.

"ಯಾಕಣ್ಣಾ, ಕೈ ಯಾಕ ನಿಂತಾವು?"

ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದರಲ್ಲಿ ಹೆಸರಾದ ಮೈಲೇಶ ಆವತ್ತು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ. "ನನ್ನ ಹೇಣ್ತಿ ನಿಂತಾಳ ಅಕ್ಕಾ. ನಿಮ್ಮನ್ನ ಮುಟ್ಟಿಸಿದ್ರ ಅಕಿ ಬೀಳ್ತಾಳ. ಆದ್ರ ಆ ಟುವಾಲುದವ್ರು ಬೋಟ್ ಬರೋತನಕ ಕಾಯ್ದ್ರಲ್ಲ, ನಾನ ಬೋಟ್ ಕಟ್ಟಿಹಾಕಿ ಕುಂತ್ರ ಅಕಿ ಗೆದ್ದದ್ದು ಗೆಲುವು ಹೆಂಗಾದೀತು? ಹಿಡೀ ಇವನ್ನ."

ಗಾಲಿಯ ನಟ್ಟುಗಳನ್ನು ಬಿಚ್ಚಿ ಅವಳ ಸೆರಗಿಗೆ ಸುರಿದ. ಗಾಲಿ ಬಿಚ್ಚಿದ್ದು ಗೊತ್ತಿಲ್ಲ, ಕೂರಿಸಿದ್ದು ಗೊತ್ತಿಲ್ಲ, ಕೈಗೆ ಸಿಕ್ಕ ನಟ್ಟು ಬಿಗಿದು ಹಾರಿ ಸೀಟಿನಲ್ಲಿ ಕುಳಿತ. ಆಮೇಲೆ ಗಾಡಿ ಓಡಿದ ಓಟವನ್ನು ಏನು ಹೇಳಲಿ! ಹಾವೇರಿಯಲ್ಲಿ ಚಹಾ ಕೇಳಿದವರಿಗೆ ಚಹಾ ಇಲ್ಲ, ಇಳಿಯಬೇಕೆಂದವರಿಗೆ ಇಳಿಯಲು ಬಿಡುವಿಲ್ಲ.

ಪಂಚಾಯಿತಿಯಲ್ಲಿ ಅಧಿಕಾರಿ ಬಾಗಿಲು ಮುಚ್ಚಿಸುವುದರಲ್ಲಿದ್ದರು. ಹೊಸ್ತಿಲ ಮೇಲೆ ಬೀರವ್ವ ನಿಂತಿದ್ದಳು. ಅವಳ ಕಡೆಯವರೇ ಸೆರಗು ಹಿಡಿದು ಒಳಗೆ ಎಳೆಯುತ್ತಿದ್ದರೂ ಜಗ್ಗಲಿಲ್ಲ. "ತಡೀರಿ ಸಾಹೇಬ್ರ, ನಮ್ಮ ಗಾಡಿ ಸಪ್ಪಳ ಐತಿ ಅದು. ಅಂವ ತಡಾ ಮಾಡಾವಲ್ಲ." ಗಾಡಿ ಅಂಗಳಕ್ಕೆ ನುಗ್ಗಿತು. ಏಳೂ ಜನ ಅವಳ ಪಕ್ಕದಿಂದಲೇ ಒಳಗೆ ಓಡಿದರು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಬಾಗಿಲು ಮುಚ್ಚಿತು.

ಮೈಲೇಶ ಗಾಡಿಯ ಗಾಜು ಒರೆಸುತ್ತಾ ನಿಂತ. ಒರೆಸಿದ್ದನ್ನೇ ಒರೆಸಿದ. ಸೋತು ಬರುವವಳನ್ನು ಮನೆಗೆ ಕರೆದೊಯ್ಯಲು ಮುಂದಿನ ಸೀಟನ್ನೂ ಒರೆಸಿಟ್ಟ. ಆಗ ಒಳಗಿನಿಂದ, ಅಂಗಳದಲ್ಲಿ ಕಾದು ನಿಂತಿದ್ದ ಕಾವೇರಿ ಬೆಚ್ಚುವಂಥ ಕೂಗು. ಅಂಜಲಿಗೆ ಏಳು, ಬೀರವ್ವನಿಗೆ ಎಂಟು! ಕಾವೇರಿ ಅಪ್ಪನನ್ನು ತಬ್ಬಿಕೊಂಡು ಕುಣಿದಳು. ಬೀರವ್ವ ಹೊರಗೆ ಬಂದವಳು ಹಾರ ಹಾಕಿಸಿಕೊಳ್ಳುವುದು ಬಿಟ್ಟು, "ಊಟಾ ಮಾಡೀರಿಲ್ಲೋ?" ಎಂದು ಗಂಡನನ್ನು ಕೇಳಿದಳು.

ಗಾಡಿಯಲ್ಲಿ ಬಂದವರಲ್ಲಿ ಯಾರೋ ಒಬ್ಬರು ಬೀರವ್ವನಿಗೆ ಹಾಕಿದ್ದಾರೆ, ಯಾರು? ಚನ್ನೇಶ ಎಲ್ಲರ ಮುಖವನ್ನೂ ದುರುಗುಟ್ಟಿ ನೋಡಿದ. ಆ ಸಂಜೆ ಬೀರವ್ವನ ಮನೆಗೆ ಒಬ್ಬೊಬ್ಬರಾಗಿ ಬಂದರು. "ಯಾರ ಮುಂದೂ ಅನಬ್ಯಾಡವ್ವಾ, ಆ ಓಟು ನಂದು" ಎಂದು ಒಬ್ಬರು. ಅವರು ಹೋದ ಮೇಲೆ ಇನ್ನೊಬ್ಬರು, ಅದೇ ಪಿಸುಮಾತು. ಹೀಗೆ ಆರು ಜನ ಬಂದು ಅದೊಂದೇ ಓಟನ್ನು ತಮ್ಮದೆಂದು ಹೇಳಿ ಚಹಾ ಕುಡಿದು ಹೋದರು. ಒಳಗೆ ಕಾವೇರಿ ಬಾಯಿಗೆ ದುಪಟ್ಟಾ ತುರುಕಿಕೊಂಡು ನಗುತ್ತಿದ್ದಳು. ಬಿಸ್ಮಿಲ್ಲಾಬಿ ಮಾತ್ರ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಬ್ಯಾಡಗಿಯ ಗಾಡಿಗೆ ಬಂದಳು. ಅಧ್ಯಕ್ಷೆಯಾದರೂ ಕೆಲಸಕ್ಕೆ ಹೊರಟಿದ್ದ ಬೀರವ್ವ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಬಿಸ್ಮಿಲ್ಲಾಬಿ ಓಟಿನ ಮಾತೇ ಎತ್ತಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ನಟ್ಟು ತೆಗೆದು ಮೈಲೇಶನ ಕೈಗಿಟ್ಟಳು.

"ಇದೊಂದು ನನ್ನ ಹತ್ರ ಉಳದಿತ್ತಣ್ಣಾ. ನಿನ್ನೆ ಇದನ್ನ ಹಾಕದ ಹಂಗ ಓಡಿಸಿಕೊಂಡು ಬಂದಿ. ಗಾಡ್ಯಾಗ ಕುಂತು ನೋಡಿದ್ನಿ ನಾನು, ಹೇಣ್ತಿ ಸೋಲ್ತಾಳಂತ ಗೊತ್ತಿದ್ರೂ ಯಾರ ಸಲುವಾಗಿ ಓಡಾಕತ್ತೀ ಅಂತ."

ಮೈಲೇಶ ನಟ್ಟನ್ನು ಅಂಗಿಯ ಅಂಚಿನಿಂದ ಒರೆಸಿದ. ಆಮೇಲೆ ಕೆಳಗೆ ಕುಳಿತು ನಿಧಾನವಾಗಿ ಗಾಲಿಗೆ ಬಿಗಿದ. ಆ ದಿನ ಬ್ಯಾಡಗಿಯಲ್ಲಿ "ಯಾಕೋ ಮೈಲೇಶಾ, ಗಾಡಿ ತಡಾ ಆತಲ್ಲ?" ಎಂದು ಹಮಾಲರು ಕೇಳಿದರು. "ಹೌದ್ರಿ, ತಡಾ ಆತು" ಎಂದು ಅವನು ನಕ್ಕ.