ಮಿಡತೆಯ ಹಣೆಯ ಬೊಟ್ಟು

ಆಗೆಲ್ಲ ವಿಜಯನಗರದ ನಮ್ಮ ವಠಾರದಲ್ಲಿ ಐದು ಮನೆಗೆ ಒಂದೇ ನಲ್ಲಿ. ಐದೋ ಆರೋ, ಈಗ ಖಚಿತವಾಗಿ ಹೇಳಲಾರೆ. ಮುಂದೆ ಬರೆಯುವುದರಲ್ಲೂ ಕೆಲವು ವಿವರ ತಪ್ಪಿರಬಹುದು. ನಾಚಿಕೆಪಟ್ಟ ದಿನಗಳನ್ನು ನಾನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ನೆನಪಿಟ್ಟುಕೊಂಡಿದ್ದೇನೆ ಎಂಬುದು ಈಚೆಗಷ್ಟೇ ಗೊತ್ತಾಯಿತು.

ಅಪ್ಪನ ಮೈಯ ವಾಸನೆ ಮಾತ್ರ ತಪ್ಪಿಲ್ಲ. ಗ್ರೀಸು, ಪೆಟ್ರೋಲು, ಅದನ್ನು ತೆಗೆಯಲು ಉಜ್ಜಿದ ಬಾರ್ ಸೋಪು. ಊರಾಚೆಯ ಸಣ್ಣದೊಂದು ವಿಮಾನ ಮೈದಾನದ ಶೆಡ್ಡಿನಲ್ಲಿ ಅವರು ಮೆಕ್ಯಾನಿಕ್. ಆ ವರ್ಷ ಯುದ್ಧದ ಸಿನಿಮಾ ತೆಗೆಯುವವರು ಬಂದು ಅಲ್ಲಿದ್ದ ಎರಡು ಹಳೇ ವಿಮಾನಗಳನ್ನು ಬಾಡಿಗೆಗೆ ಕೇಳಿದರು. ಒಂದು, ಮಹಾಯುದ್ಧದ ಕಾಲದಲ್ಲಿ ಸೈನ್ಯದವರು ಹಾರಾಟ ಕಲಿಯುತ್ತಿದ್ದ ವಿಮಾನ. ಅಪ್ಪ ಅದನ್ನು ‘ತಾತ’ ಎನ್ನುತ್ತಿದ್ದರು. ಇನ್ನೊಂದು, ತಲೆಯ ಮೇಲೆ ರೆಕ್ಕೆ ಹೊತ್ತ, ದಪ್ಪ ಟೈರಿನ ಪುಟ್ಟ ವಿಮಾನ. ಕಾಡಿನ ನಡುವೆ ಒಂದು ತುಂಡು ಹುಲ್ಲುಗಾವಲು ಸಿಕ್ಕರೂ ಸಾಕು, ಇಳಿದು ಮತ್ತೆ ಹಾರಬಲ್ಲದು. ಅದು ‘ಮಿಡತೆ’.

ಅಪ್ಪ ಎರಡಕ್ಕೂ ಪಾಚಿ ಬಣ್ಣ ಬಳಿದು, ಇಂಜಿನ್ನು ಬಿಚ್ಚಿ ಕೂಡಿಸಿ, ಜೀವ ಬರಿಸಿದರು. ವಠಾರದ ಮಕ್ಕಳೆಲ್ಲ ಕುಂಟೆಬಿಲ್ಲೆ ಬಿಟ್ಟು ಕೈಚಾಚಿಕೊಂಡು ನಲ್ಲಿಯ ಸುತ್ತ ಓಡತೊಡಗಿದೆವು. “ಮಿಡತೆ ಹಂಗೆ ಓಡಲ್ಲ ಕಣೇ, ಎರಡೇ ಕುಪ್ಪಳ, ಆಮೇಲೆ ಮೇಲೆ!” ಎಂದು ಅಪ್ಪ ತಿದ್ದುತ್ತಿದ್ದರು.

ಆಯುಧಪೂಜೆಯ ದಿನ ಮನೆಯವರನ್ನು ಶೆಡ್ಡಿನೊಳಗೆ ಬಿಡುತ್ತಿದ್ದರು. ಚೆಂಡುಹೂವು, ಒಡೆದ ಬೂದುಗುಂಬಳ, ಎಣ್ಣೆ ಎಲ್ಲ ಬೆರೆತ ವಾಸನೆ. ನನ್ನ ಕೈಯಲ್ಲಿ ಕಡ್ಲೆಪುರಿ ಪೊಟ್ಟಣ. ಅಪ್ಪ ತಾತನ ಮೂತಿಗೆ ದೊಡ್ಡ ಬೊಟ್ಟಿಟ್ಟರು. ಅಮ್ಮ ಮಿಡತೆಯ ಮುಂದೆಯೇ ನಿಂತಿದ್ದಳು.

“ರೀ, ಇದರಲ್ಲಿ ನೀವೂ ಕೂತ್ಕೊಂಡು ಹಾರ್ತೀರಾ?”

“ರಿಪೇರಿ ಮಾಡಿದೋನು ಮೊದಲು ಕೂರ್ಬೇಕು ಕಣೇ. ಇಲ್ದಿದ್ರೆ ಪೈಲಟ್ ಹೆಂಗೆ ನಂಬ್ತಾನೆ?”

ಅಮ್ಮ ಕುಂಕುಮ ಕಲಸಿಕೊಂಡು ತುದಿಗಾಲಲ್ಲಿ ನಿಂತು, ಮೂತಿಯ ಪಂಖದ ಕೆಳಗೆ, ನಟ್ಟನಡುವೆ ಒಂದು ಬೊಟ್ಟಿಟ್ಟಳು. “ಇವರನ್ನ ಹುಷಾರಾಗಿ ಕರ್ಕೊಂಡು ಬಾರಪ್ಪ,” ಎಂದಳು. ಹೇಳಿದ್ದು ಮಿಡತೆಗೆ.

ಮಾರನೇ ದಿನವೇ ಚಿತ್ರೀಕರಣ. ಪ್ರತಿ ಶಾಟ್‌ಗೆ ಮುಂಚೆ ವಿಮಾನಗಳನ್ನು ಒರೆಸುವುದು ಅಪ್ಪನ ಕೆಲಸ. ಅವರಿಗೆ ಮನೆಯ ಸ್ಟೀಲ್ ಲೋಟದ ಮೇಲೆ ಬೆರಳ ಗುರುತಿದ್ದರೂ ಆಗುತ್ತಿರಲಿಲ್ಲ.

ಸಿನಿಮಾ ಬಿಡುಗಡೆಯಾದಾಗ ಇಡೀ ವಠಾರ ಥಿಯೇಟರಿಗೆ ಹೊರಟಿತು. ಅಮ್ಮ ಡಬ್ಬಿ ತುಂಬ ಕೋಡುಬಳೆ ಕರಿದು, ಮದುವೆ ಮನೆಗಳಿಗೆ ಉಡುವ ಸೀರೆ ಉಟ್ಟಿದ್ದಳು. ಮಧ್ಯಂತರ ಕಳೆದು ಆ ದೃಶ್ಯ ಬಂತು. ಕಾಡಿನಲ್ಲಿ ಸೈನಿಕನೊಬ್ಬ ಸಾಯುತ್ತಾ ಬಿದ್ದಿದ್ದಾನೆ. ಬಿಳಿ ದೊರೆಯೊಬ್ಬ ಅವನನ್ನು ಉಳಿಸಲು ಮಿಡತೆಯಲ್ಲಿ ಬಂದಿಳಿಯುತ್ತಾನೆ. ನನ್ನ ಪಕ್ಕದಲ್ಲಿ ಯಾರೋ ಮೂಗು ಒರೆಸಿಕೊಳ್ಳುತ್ತಿದ್ದರು. ಮಿಡತೆಯ ಮೂತಿ ಪರದೆ ತುಂಬ ಬಂತು. ನಟ್ಟನಡುವೆ ಕೆಂಪಗೆ ಕುಂಕುಮ.

“ದೊರೆಗಳೂ ಆಯುಧಪೂಜೆ ಮಾಡ್ತಾರೆ ಕಣೋ ಮಗಾ!” ಮುಂದಿನ ಸಾಲಿನಿಂದ ಒಬ್ಬ ಕೂಗಿದ.

“ಚಕ್ರಕ್ಕೆ ನಿಂಬೆಹಣ್ಣು ಇಡೋದು ಮರ್ತ್ರಾ ಗುರು?” ಇನ್ನೊಬ್ಬ.

ಇಡೀ ಹಾಲ್ ನಕ್ಕಿತು. ಸೈನಿಕ ಸತ್ತಾಗಲೂ ನಗುತ್ತಲೇ ಇತ್ತು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಚಪ್ಪಲಿ ಹುಡುಕುವವಳಂತೆ ಸೀಟಿನ ಕೆಳಗೆ ಬಗ್ಗಿದೆ. ಕೋಡುಬಳೆ ಡಬ್ಬಿಯನ್ನು ಆಮೇಲೆ ಯಾರೂ ತೆರೆಯಲಿಲ್ಲ.

ಮರುದಿನ ನಲ್ಲಿಯ ಹತ್ತಿರ ಪಕ್ಕದ ಮನೆಯ ಜಯಮ್ಮ ಆಂಟಿ, “ಏನ್ರೀ, ಮುಂದಿನ ಪಿಚ್ಚರ್‌ಗೆ ಆರತೀನೂ ಎತ್ಬಿಡಿ!” ಎಂದರು. ಕೆಟ್ಟ ಮನಸ್ಸಿನಿಂದಲ್ಲ, ನಗಲು ಅವರಿಗೊಂದು ನೆಪ ಸಿಕ್ಕಿತ್ತು, ಅಷ್ಟೇ. ಅಮ್ಮ ಮಾತ್ರ ಆವತ್ತಿನಿಂದ ಯಾರೂ ಏಳುವ ಮೊದಲೇ ನೀರು ಹಿಡಿದುಕೊಂಡು ಬಂದುಬಿಡುತ್ತಿದ್ದಳು. ಮುಂದಿನ ಸಿನಿಮಾದವರು ಬೇರೆ ಮೆಕ್ಯಾನಿಕ್ ಬೇಕೆಂದರು. ಅಪ್ಪ ಆ ಸುದ್ದಿ ಹೇಳಿದ ಸಂಜೆ ಅಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, “ನನ್ನಿಂದ ಆಯ್ತು,” ಎಂದಳು.

“ಬಿಡೇ, ಆಗೋದಾಯ್ತು,” ಎಂದರು ಅಪ್ಪ. ಅಷ್ಟೇ.

ಅಮ್ಮ ಅದನ್ನು ಬಿಡಲಿಲ್ಲ. ವರ್ಷಗಳ ನಂತರ ನಾನು ಸ್ಕೂಟರ್ ಕೊಂಡಾಗ ಕುಂಕುಮದ ಬಟ್ಟಲು ಹಿಡಿದು ಕರೆದೆ. “ನೀನೇ ಇಟ್ಕೊಳೇ. ಯಂತ್ರಕ್ಕೆ ನನ್ನ ಕೈ ಬೇಡ,” ಎಂದು ಒಳಗೆ ಹೋದಳು. ಕೊನೆಯವರೆಗೂ ಹಾಗೇ ಇದ್ದಳು.

ವಠಾರ ಈಗಿಲ್ಲ. ಥಿಯೇಟರಿದ್ದ ಜಾಗದಲ್ಲಿ ಬಟ್ಟೆ ಅಂಗಡಿಯಿದೆ. ಅದರೆದುರು ಮೆಟ್ರೋ ಹೋಗುತ್ತದೆ. ಅಮ್ಮ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಆ ಸಿನಿಮಾ ಫೋನಿನಲ್ಲಿ ಸಿಕ್ಕಿತು. ನನ್ನ ನೆನಪಿನಲ್ಲಿ ಮಿಡತೆಗೆ ಮೂರೆಳೆ ವಿಭೂತಿ, ಚೆಂಡುಹೂವಿನ ಹಾರ ಎಲ್ಲ ಇತ್ತು. ಪರದೆಯಲ್ಲಿ ಇದ್ದದ್ದು ಒಂದೇ ಒಂದು ಬೊಟ್ಟು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಇಷ್ಟಕ್ಕೆ ಅಮ್ಮ ಅಷ್ಟು ವರ್ಷ ಕತ್ತಲಲ್ಲಿ ನೀರು ಹೊತ್ತಳೇ?

ಮತ್ತೆ ಹಿಂದಕ್ಕೆ ಓಡಿಸಿ ನೋಡಿದೆ. ಅದಕ್ಕೂ ಮೊದಲಿನ ದೃಶ್ಯದಲ್ಲಿ ತಾತ ಬರುತ್ತದೆ. ಅಪ್ಪ ತಾವೇ ಇಟ್ಟಿದ್ದ ದೊಡ್ಡ ಬೊಟ್ಟು ಅದರ ಮೂತಿಯ ಮೇಲೆ ಇಲ್ಲ. ಒರೆಸಿದ ಲೋಟದಂತೆ ಹೊಳೆಯುತ್ತಿದೆ. ಮಿಡತೆಯ ಮೈಯೂ ಹಾಗೇ ಹೊಳೆಯುತ್ತಿದೆ, ಆ ಬೊಟ್ಟೊಂದನ್ನು ಬಿಟ್ಟು.

ಕೆಂಗೇರಿ ಉಪನಗರದ ನಮ್ಮ ಮನೆಯಲ್ಲಿ ಅಪ್ಪ ಬಾಲ್ಕನಿಯಲ್ಲಿ ಕಾಫಿ ಹಿಡಿದು ಕೂತಿದ್ದರು. ಆ ಬೊಟ್ಟು ಕಾಣುವಲ್ಲಿ ಚಿತ್ರ ನಿಲ್ಲಿಸಿ ಫೋನು ಕೊಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಟವಲಿನ ತುದಿಯಿಂದ ಫೋನಿನ ಗಾಜು ಒರೆಸಿ, ನನ್ನ ಕೈಗೆ ವಾಪಸ್ಸು ಕೊಟ್ಟು, ಮೈಸೂರು ರಸ್ತೆಯ ಕಡೆಗೆ ತಿರುಗಿದರು.

ಆಗ ನಾನು ಕೇಳಿದ್ದು ಇಷ್ಟೇ: “ಅಪ್ಪ, ಬೇಕಂತಲೇ ಉಳಿಸಿದ್ರಾ? ಹಂಗಾದ್ರೆ ಅಮ್ಮನಿಗೆ ಒಂದು ಮಾತು ಯಾಕೆ ಹೇಳ್ಲಿಲ್ಲ?”