ಬೆನ್ನ ಹಿಂದೆ ನಿಂತ ಎಲ್ದಾ

ವೆನಿಸ್‌ನಲ್ಲಿ ನೋಡತಕ್ಕ ಸ್ಥಳಗಳ ಪೈಕಿ ತನ್ನ ಹೆಸರು ಎಲ್ಲಿಯೂ ಅಚ್ಚಾಗದಿರುವುದು ಮುದ್ರಣಾಲಯದವರ ಅಜಾಗರೂಕತೆ ಎಂದೇ ಓಲಿಂದೊ ಬುಸೆತ್ತೊ ಬಹುಕಾಲ ನಂಬಿದ್ದ. ಜಿಲ್ಯೊ ಕಡವಿನಿಂದ ಎದುರಿನ ಸಲೂಟೆ ಚರ್ಚಿನ ದಂಡೆಗೆ, ದೊಡ್ಡ ಕಾಲುವೆಯನ್ನು ದಾಟಿಸುವ ಅಂಬಿಗ ಅವನು. ದೋಣಿಯ ಮುಂಗಡೆಯ ಹುಟ್ಟು ಅವನದು, ಹಿಂಗಡೆಯದು ಜೊತೆಗಾರ ತುಲ್ಲಿಯೊನದು. ಪ್ರವಾಸಿಗರು ನಡುವೆ ಕೂತು ಸಲೂಟೆಯ ಬಿಳಿ ಗುಮ್ಮಟದತ್ತ ಫೋನು ಚಾಚಿ, ಅಡ್ಡ ನಿಂತ ಓಲಿಂದೊನಿಗೆ ಪಕ್ಕಕ್ಕೆ ಸರಿಯುವಂತೆ ಕೈಸನ್ನೆ ಮಾಡುತ್ತಿದ್ದರು. ಅವನು ಸರಿಯುತ್ತಿರಲಿಲ್ಲ. ಅಷ್ಟು ತೊಂದರೆಯಾದರೆ ಗುಮ್ಮಟವೇ ಸರಿದುಕೊಳ್ಳಲಿ.

ಊರಿನವರು ದೋಣಿಯಲ್ಲಿ ಕೂರುವುದಿಲ್ಲ. ಕೈಯಲ್ಲಿ ತರಕಾರಿ ಚೀಲವಿರಲಿ, ಕಂಕುಳಲ್ಲಿ ನಾಯಿಯಿರಲಿ, ನಿಂತೇ ದಾಟುತ್ತಾರೆ. ಎಲ್ದಾ ಕೂಡ ಹಾಗೆಯೇ. ಪ್ರತಿದಿನ ಬೆಳಿಗ್ಗೆ ಸಲೂಟೆ ಕಡೆಯಿಂದ ಹತ್ತಿ, ಓಲಿಂದೊನ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ನಾಟಕದ ಉಡುಪು ಹೊಲಿಯುವ ಅಂಗಡಿಯ ದರ್ಜಿ. ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಅಂಗುಸ್ತಾನ ತೆಗೆಯಲು ಮರೆತೇ ಬರುವವಳು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದ ಓಲಿಂದೊನಿಗೆ ಅವಳ ಮುಖಕ್ಕಿಂತ ದನಿಯೇ ಹೆಚ್ಚು ಪರಿಚಯ, ಏಕೆಂದರೆ ಹುಟ್ಟು ಹಾಕುವವನು ಹಿಂದೆ ತಿರುಗುವಂತಿಲ್ಲ.

"ಇವತ್ತು ಮಂಜು ಜಾಸ್ತಿ, ಸಿಯೋರ್ ಓಲಿಂದೊ."

"ನಾನಿದ್ದೀನಲ್ಲ, ಭಯ ಯಾಕೆ?"

"ಅದು ಮಂಜಿಗೂ ಗೊತ್ತಿದ್ರೆ ಚೆನ್ನಾಗಿತ್ತು."

ಅಷ್ಟರಲ್ಲಿ ದಂಡೆ ಬಂದುಬಿಡುತ್ತಿತ್ತು. ತಕ್ಕ ಉತ್ತರ ಅವನಿಗೆ ಹೊಳೆಯುವ ಹೊತ್ತಿಗೆ ಅವಳು ಗಲ್ಲಿಯ ತಿರುವಿನಲ್ಲಿ ಮಾಯ. ಎಷ್ಟೋ ವರ್ಷಗಳ ಉತ್ತರಗಳು ಹಾಗೇ ಅವನಲ್ಲಿ ಉಳಿದಿದ್ದವು.

ಊರಿನ ಹೆಗ್ಗುರುತುಗಳೆಲ್ಲ ಅವನಿಗೆ ಇದೇ ಲೆಕ್ಕದಲ್ಲಿ ಗೊತ್ತು. ಸಂತ ಮಾರ್ಕನ ಗೋಪುರದ ಗಂಟೆ ಇರುವುದು ಎಲ್ದಾ ಬರುವ ಹೊತ್ತು ತಿಳಿಸಲಿಕ್ಕೆ. ರಿಯಾಲ್ತೊ ಸೇತುವೆ, ಅಕಾದೆಮಿಯಾ ಸೇತುವೆ ಎರಡೂ ಶತ್ರುಪಕ್ಷ, ದೋಣಿ ಹತ್ತಬೇಕಾದವರನ್ನು ನಡೆಸಿಕೊಂಡು ಹೋಗುವಂಥವು. ಪ್ರೇಮಿಗಳು ನಿಟ್ಟುಸಿರಿನ ಸೇತುವೆಯನ್ನು ಹುಡುಕಿಕೊಂಡು ಹೋಗುತ್ತಿದ್ದರು. ಓಲಿಂದೊನಿಗೆ ಅಂಥ ವಿಶೇಷ ವ್ಯವಸ್ಥೆಯ ಅಗತ್ಯ ಬಿದ್ದಿರಲಿಲ್ಲ.

ಇವೆಲ್ಲಕ್ಕಿಂತ ದೊಡ್ಡ ವೈರಿ ನವೆಂಬರಿನಲ್ಲಿ ಬರುತ್ತಿತ್ತು. ಹಿಂದೆಂದೋ ಪ್ಲೇಗು ತೊಲಗಲೆಂದು ಹೊತ್ತ ಹರಕೆಯಂತೆ ಸಲೂಟೆಯ ಹಬ್ಬಕ್ಕೆ ಇಡೀ ಊರು ಮೇಣದಬತ್ತಿ ಹಚ್ಚಲು ಹೋಗುತ್ತದೆ. ಅದಕ್ಕಾಗಿ ಓಲಿಂದೊನ ಕಡವಿನ ಪಕ್ಕದಲ್ಲೇ ತಾತ್ಕಾಲಿಕ ಸೇತುವೆ ಕಟ್ಟುತ್ತಾರೆ. ಆ ದಿನಗಳಲ್ಲಿ ದೋಣಿಗೆ ರಜೆ. "ಅಂಬಿಗನಾದವನು ಆ ಹಲಗೆಯ ಮೇಲೆ ಕಾಲಿಡಲ್ಲ" ಎಂದು ಓಲಿಂದೊ ಯೌವನದಲ್ಲೇ ಘೋಷಿಸಿದ್ದ. ಯಾರೂ ಕೇಳಿರಲಿಲ್ಲ. ಆದರೂ ಪ್ರತಿವರ್ಷ ಪಾಲಿಸುತ್ತಿದ್ದ.

ಆ ವರ್ಷ ಸೇತುವೆ ಏಳುವ ಮುಂಚಿನ ಬೆಳಿಗ್ಗೆ ಎಲ್ದಾ ಅವನ ಬೆನ್ನಿಗೆ ಹೇಳಿದಳು: "ಹಬ್ಬ ಮುಗಿದ ಮಾರನೇ ದಿನ ಈ ಊರು ಬಿಟ್ಟು, ನೀರಿನಾಚೆಯ ಮೆಸ್ತ್ರೆ ಪಟ್ಟಣಕ್ಕೆ ಹೋಗ್ತಿದ್ದೀನಿ. ನಮ್ಮಕ್ಕನಿಗೆ ಕಣ್ಣು ಪೂರ್ತಿ ಹೋಯ್ತು, ನೋಡ್ಕೊಳ್ಳೋರಿಲ್ಲ."

ಓಲಿಂದೊನ ಹುಟ್ಟು ನೀರಿನಲ್ಲೇ ನಿಂತಿತು.

"ಹಬ್ಬದ ದಿನ ಬತ್ತಿ ಹಚ್ಚೋಕೆ ಬರ್ತೀರಾ?" ಎಂದು ಅವಳು ಕೇಳಿದಳು.

"ಅಂಬಿಗನಾದವನು ಆ ಹಲಗೆ ಮೇಲೆ ಕಾಲಿಡಲ್ಲ" ಎಂದಿತು ಅವನ ಬಾಯಿ. ರೂಢಿಯ ಬಲ ಅಂಥದ್ದು. ಈ ಸಲವೂ ಸರಿಯಾದ ಉತ್ತರ ಹೊಳೆದಾಗ ಗಲ್ಲಿ ಖಾಲಿಯಾಗಿತ್ತು.

ಹಬ್ಬದ ಬೆಳಿಗ್ಗೆ ಅವನು ಕಟ್ಟಿಹಾಕಿದ ದೋಣಿಯ ಪಕ್ಕ ಕೂತು ಸೇತುವೆಯ ಮೇಲಿನ ಜನವನ್ನು ದಿಟ್ಟಿಸುತ್ತಿದ್ದ. ಹೊಸ ಕೋಟು ತೊಟ್ಟ ತುಲ್ಲಿಯೊ ಬಂದ.

"ತೋಳು ಗಿಡ್ಡ ಮಾಡಿಸ್ದೆ, ಹೇಗಿದೆ? ನಿನ್ನ ಎಲ್ದಾನೇ ಹೊಲಿದಿದ್ದು."

"ನನ್ನ ಎಲ್ದಾ ಅನ್ಬೇಡ. ಅಂಗಡಿ ಈ ಕಡೆ ಎಲ್ಲಿದೆ?"

"ಈ ಕಡೆ ಎಲ್ಲಿ ಬಂತು ಮಾರಾಯ? ಆ ಕಡೇನೇ ಇರೋದು, ಸಾನ್ ತ್ರೊವಾಸೊದಲ್ಲಿ. ಅಂಗಡಿ ಅಲ್ಲಿಗೆ ಹೋಗಿ ಯಾವ ಕಾಲವಾಯ್ತೋ."

ಓಲಿಂದೊ ಎದುರು ದಂಡೆಯತ್ತ ನೋಡಿದ. ಸಾನ್ ತ್ರೊವಾಸೊ ಎಂದರೆ ಎಲ್ದಾಳ ಮನೆಯಿರುವ ದಂಡೆಯೇ. ಅಲ್ಲಿಂದಲ್ಲಿಗೆ ಹೋಗಲು ಕಾಲುವೆ ದಾಟುವ ಮಾತೇ ಇಲ್ಲ. ದಾಟಿದವರು ಅಕಾದೆಮಿಯಾ ಸೇತುವೆ ಹತ್ತಿ ಮತ್ತೆ ಹೊರಟ ದಂಡೆಗೇ ಮರಳಬೇಕು. ಅವಳು ಇಳಿದ ಮೇಲೆ ಎಲ್ಲಿಗೆ ಹೋಗುತ್ತಾಳೆಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಕಡವಿನ ಮೆಟ್ಟಿಲಿಗೆ ಪ್ರಪಂಚ ಮುಗಿಯಿತೆಂದು ತಿಳಿಯುವುದು ಅಂಬಿಗರ ಹುಟ್ಟುಗುಣ.

"ಅಷ್ಟು ಸುತ್ತಿಕೊಂಡು ನಮ್ಮ ದೋಣಿಗೆ ಯಾಕೆ ಬರ್ತಾಳೆ?" ಎಂದ ಓಲಿಂದೊ.

"ನನ್ನ ನೋಡೋಕಂತೂ ಅಲ್ಲ. ನಾನು ಅವಳ ಹಿಂದೆ ನಿಂತಿರ್ತೀನಿ. ಅವಳು ನೋಡೋದು ಬರೀ ನಿನ್ನ ಬೆನ್ನು. ಅದರಲ್ಲೇನಿದೆಯೋ ದೇವರಿಗೇ ಗೊತ್ತು."

ಓಲಿಂದೊ ಎದ್ದು ಟೋಪಿ ಸರಿಮಾಡಿಕೊಂಡ.

"ಎಲ್ಲಿಗಪ್ಪಾ? ಅಂಬಿಗನಾದವನು..."

"ಬಾಯಿ ಮುಚ್ಚೋ."

ಸೇತುವೆಯ ಮೇಲೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವನ ಕಾಲು ತಡವರಿಸಿತು. ಜೀವಮಾನವಿಡೀ ಓಲಾಡುವ ದೋಣಿಯಲ್ಲಿ ನೆಟ್ಟಗೆ ನಿಂತವನಿಗೆ ಕಾಲಡಿಯ ಹಲಗೆ ಅಲ್ಲಾಡದಿದ್ದರೆ ಭಯ. ಹಿಂದಿನಿಂದ ಒಬ್ಬಳು ಮುದುಕಿ, "ಊರಿಗೆ ಹೊಸಬರಾ? ಕಂಬಿ ಹಿಡ್ಕೊಳ್ಳಿ" ಎಂದಳು. ಹಿಡಿದುಕೊಂಡ.

ಎಲ್ದಾ ಚರ್ಚಿನ ಮೆಟ್ಟಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಎರಡು ಮೇಣದಬತ್ತಿ.

"ಬರಲ್ಲ ಅಂದಿದ್ರಿ."

"ಸೇತುವೆ ಗಟ್ಟಿಯಾಗಿದ್ಯಾ ಅಂತ ನೋಡೋಕೆ ಬಂದೆ."

"ಹೇಗಿದೆ?"

"ಸ್ವಲ್ಪಾನೂ ಅಲ್ಲಾಡಲ್ಲ. ಅದೇ ದೋಷ." ಉಸಿರೆಳೆದುಕೊಂಡು ಸೇರಿಸಿದ: "ಅಂಗಡಿ ಸಾನ್ ತ್ರೊವಾಸೊದಲ್ಲಂತೆ."

ಎಲ್ದಾ ಅಂಗುಸ್ತಾನವನ್ನು ತಿರುಗಿಸಿದಳು. "ಬೆಳಿಗ್ಗೆ ನಡೀಬೇಕು ಅಂತ ಡಾಕ್ಟರು ಹೇಳಿದ್ರು."

"ದೋಣಿ ಹತ್ತಿ ಅಂತಾನೂ ಹೇಳಿದ್ರಾ?"

"ಅದು ನಾನೇ ಸೇರಿಸ್ಕೊಂಡಿದ್ದು."

ಹೋಗಬೇಡಿ ಎನ್ನುವ ಮಾತು ಅವನ ಗಂಟಲಿಗೆ ಬಂತು. ಆದರೆ ಅಕ್ಕನ ಕಣ್ಣು ಹೋದ ವಿಷಯ ತಿಳಿದೂ ಆ ಮಾತು ಹೇಗೆ ಆಡುವುದು? ಸಾಲು ಮುಂದೆ ಸರಿಯಿತು. ಎಲ್ದಾ ತನ್ನ ಬತ್ತಿಯಿಂದ ಅವನ ಬತ್ತಿ ಹಚ್ಚಿದಳು. ಹೊರಬಂದು, ಮೂಟೆ ಕಟ್ಟಿಟ್ಟ ಅವಳ ಮನೆಯಲ್ಲಿ, ಉಳಿದ ಒಂದೇ ಪಾತ್ರೆಯಲ್ಲಿ ಕುದಿಸಿದ ಹಬ್ಬದ ಕುರಿಮಾಂಸ, ಎಲೆಕೋಸಿನ ಸಾರನ್ನು ಇಬ್ಬರೂ ಉಂಡರು. ಎದುರುಬದುರು ಕೂತು ಮಾತಾಡಿದ್ದು ಅದೇ ಮೊದಲು. ಅವಳ ಎಡಗೆನ್ನೆಯ ಮೇಲೆ ಪುಟ್ಟ ಮಚ್ಚೆಯಿರುವುದು ಓಲಿಂದೊನಿಗೆ ಆಗ ಗೊತ್ತಾಯಿತು.

"ಮೆಸ್ತ್ರೆಯಿಂದ ಬಸ್ಸಿದೆ" ಎಂದ ಹೊರಡುವಾಗ.

"ಒಂದು ದೋಣಿಗೋಸ್ಕರ ಅಷ್ಟು ದೂರ ಯಾರು ಬರ್ತಾರೆ, ಸಿಯೋರ್ ಓಲಿಂದೊ?"

"ಸುತ್ತು ಹಾಕೋದು ನಿಮಗೇನು ಹೊಸದಾ?"

ಜೀವನದಲ್ಲಿ ಮೊದಲ ಸಲ ಉತ್ತರ ಸರಿಯಾದ ಹೊತ್ತಿಗೆ ಬಂದಿತ್ತು. ಅವಳು ನಕ್ಕಳು. ಬರುತ್ತೇನೆ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ನೆರೆಯವರು ಅಕ್ಕನ ಬಳಿ ಕೂರಲು ಒಪ್ಪಿದ ದಿನ ಎಲ್ದಾ ಬರುತ್ತಾಳೆ. ಅವರು ಯಾವಾಗ ಒಪ್ಪುತ್ತಾರೆಂಬುದು ಯಾರಿಗೂ ತಿಳಿಯದು, ಹಾಗಾಗಿ ಪ್ರತಿ ಬೆಳಿಗ್ಗೆಯೂ ಅವಳು ಬರಬಹುದಾದ ಬೆಳಿಗ್ಗೆಯೇ. ಪ್ರವಾಸಿಗರು ಕೈಸನ್ನೆ ಮಾಡಿದರೆ ಓಲಿಂದೊ ಈಗ ಪಕ್ಕಕ್ಕೆ ವಾಲಿಕೊಳ್ಳುತ್ತಾನೆ. ಎಷ್ಟು ಒಳ್ಳೆಯ ಮನುಷ್ಯ ಎಂದು ಅವರು ಮೆಚ್ಚುತ್ತಾರೆ. ಹಾಗೆ ವಾಲಿದರೆ ದೋಣಿಯ ಮೂತಿಯಾಚೆ, ಎಲ್ದಾ ಹತ್ತುವ ಎದುರು ದಂಡೆಯ ಮೆಟ್ಟಿಲು ಪೂರ್ತಿ ಕಾಣುತ್ತದೆ. ಅವನು ಅಷ್ಟು ಕಣ್ಣು ನೆಟ್ಟು ನೋಡುವುದು ಗುಮ್ಮಟವನ್ನೇ ಎಂದುಕೊಂಡು ಅವರೂ ಅತ್ತ ತಿರುಗಿ ಫೋಟೊ ತೆಗೆಯುತ್ತಾರೆ.