ಕೆರೆಗೆ ತಕ್ಕ ರೆಕ್ಕೆ

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಹದಿನಾರು ವರ್ಷಗಳಿಂದ ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತು ಟಿಕೆಟ್ ಕೊಡುತ್ತಿದ್ದೇನೆ. ಒಂದು ಕೈಯಲ್ಲಿ ಟಿಕೆಟ್ ಯಂತ್ರ, ಇನ್ನೊಂದು ಕೈಯಲ್ಲಿ ಚಿಲ್ಲರೆ. ಮೋಟೆಬೆನ್ನೂರಿನ ಹತ್ತಿರ ಡ್ರೈವರ್ ಒಮ್ಮೆಲೇ ಬ್ರೇಕ್ ಒತ್ತಿದರೂ ನನ್ನ ಮೈ ತಾನಾಗಿಯೇ ಹಿಂದಕ್ಕೆ ವಾಲಿ ನಿಲ್ಲುತ್ತದೆ. ಈ ವಿದ್ಯೆ ನೀರಿನ ಮೇಲೂ ಕೆಲಸಕ್ಕೆ ಬರುತ್ತದೆ ಎಂದು ನನಗೆ ಹೇಳಿದವರು ಕಾರವಾರದ ಕಡಲ ದಂಡೆಯಲ್ಲಿ ಜಲಕ್ರೀಡೆ ಕಲಿಸುವ ಒಬ್ಬ ತರಬೇತುದಾರರು.

ಆಗ ನನಗೆ ಹಾವೇರಿಯಿಂದ ಕಾರವಾರಕ್ಕೆ ಹೋಗುವ ಬಸ್ಸಿನ ಡ್ಯೂಟಿ ಇತ್ತು. ಮಧ್ಯಾಹ್ನ ಮುಟ್ಟಿದರೆ ಮರುದಿನ ಬೆಳಗ್ಗೆ ವಾಪಸು. ನಡುವಿನ ಸಂಜೆ ನನ್ನದೇ. ಹಾಗೊಂದು ಸಂಜೆ ದಂಡೆಯ ಮೇಲೆ ಕೂತಿದ್ದಾಗ, ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸೊಬ್ಬಳು ನೀರಿನ ಮೇಲೆ ಮೊಣಕಾಲೆತ್ತರದಲ್ಲಿ ತೇಲಿಕೊಂಡು ಹೋದಳು. ಅಲೆಯ ಮೇಲಲ್ಲ, ಗಾಳಿಯಲ್ಲಿ. ಸದ್ದಿಲ್ಲ, ಮೋಟಾರಿಲ್ಲ. ಕೈಯಲ್ಲಿ ಗಾಳಿ ತುಂಬಿದ ದೊಡ್ಡದೊಂದು ಬಟ್ಟೆಯ ಪಟ, ಕಾಲಡಿ ಒಂದು ಹಲಗೆ. ನಾನು ಕೈಯಲ್ಲಿದ್ದ ಶೇಂಗಾ ತಿನ್ನುವುದನ್ನೇ ಮರೆತೆ.

ಆಕೆ ದಂಡೆಗೆ ಬಂದು ಹಲಗೆಯನ್ನು ಮಗುಚಿ ಹಾಕಿದಾಗ ಗುಟ್ಟು ಕಂಡಿತು. ಹಲಗೆಯ ತಳಕ್ಕೆ ಒಂದು ಕಂಬ, ಕಂಬದ ತುದಿಗೆ ಪುಟ್ಟ ವಿಮಾನದಂಥ ವಸ್ತು. ಮುಂದೆ ಅಗಲವಾದ ರೆಕ್ಕೆ, ಹಿಂದೆ ಸಣ್ಣ ರೆಕ್ಕೆ, ಎರಡನ್ನೂ ಸೇರಿಸುವ ಒಂದು ದಂಡಿಗೆ. ಇಡೀ ಜೋಡಣೆಗೆ ಫಾಯಿಲ್ ಎನ್ನುತ್ತಾರೆ. ಪಟಕ್ಕೆ ಗಾಳಿ ಸಿಕ್ಕು ಹಲಗೆ ಮುಂದಕ್ಕೆ ಓಡಿದರೆ, ನೀರಿನೊಳಗಿನ ಆ ರೆಕ್ಕೆ ಹಲಗೆಯನ್ನೂ ಮನುಷ್ಯರನ್ನೂ ಮೇಲೆತ್ತುತ್ತದೆ.

ನನಗೂ ಕಲಿಸುತ್ತೀರಾ ಎಂದು, ದಂಡೆಯ ಮೇಲಿದ್ದ ಆಕೆಯ ತರಬೇತುದಾರರನ್ನು ಹೋಗಿ ಕೇಳಿದೆ. ಅವರು ನನ್ನನ್ನು ಗಾಲಿ ಹಾಕಿದ ಹಲಗೆಯೊಂದರ ಮೇಲೆ ನಿಲ್ಲಿಸಿ, ಹೇಳದೆ ಕೇಳದೆ ಅದನ್ನು ನೂಕಿದರು. ನಾನು ನಿಂತೇ ಇದ್ದೆ.

"ಅಕ್ಕ, ಕಲಿಸಬೇಕಾದ್ದು ಅರ್ಧ ನಿಮಗೆ ಬರ್ತದೆ. ಈಜು ಬರ್ತದಾ?" ಎಂದರು.

ಈಜು ಬರುತ್ತಿತ್ತು. ನನ್ನ ತವರು ಕುಪ್ಪೇಲೂರು. ಅಲ್ಲಿಯ ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಅಪ್ಪನ ಕೈಯಲ್ಲಿ ಕಲಿತದ್ದು. ಮುಂದಿನ ಐದಾರು ತಿಂಗಳು ಪ್ರತಿ ಡ್ಯೂಟಿಯ ಸಂಜೆಯೂ ನಾನು ಕಾರವಾರದ ಉಪ್ಪುನೀರು ಕುಡಿದೆ. ಕೊನೆಗೊಂದು ದಿನ ಮೂರು ಉಸಿರಿನಷ್ಟು ಹೊತ್ತು ಹಾರಿದೆ. ಅಷ್ಟು ಸಾಕಾಯಿತು. ನನಗೆ ನನ್ನದೇ ಫಾಯಿಲ್ ಬೇಕೆನಿಸಿತು, ನಮ್ಮ ಕುಪ್ಪೇಲೂರಿನ ಕಡೆಯ ಕೆರೆಯಲ್ಲಿ ಹಾರಬೇಕೆನಿಸಿತು.

ತರಬೇತುದಾರರು ತಮ್ಮ ಹಳೆಯ ಸಾಮಾನು ಮಾರುತ್ತಿದ್ದರು. ಹಲಗೆ, ಪಟ, ಎಂಬತ್ತೈದು ಸೆಂಟಿಮೀಟರಿನ ಅಲ್ಯೂಮಿನಿಯಂ ಕಂಬ ಒಂದೊಂದೇ ಇದ್ದವು. ಮುಂದಿನ ರೆಕ್ಕೆ ಮಾತ್ರ ಎರಡು. ಒಂದು ಸಾವಿರ ಚದರ ಸೆಂಟಿಮೀಟರಿನದು, ತೆಳ್ಳಗೆ, ಕಪ್ಪಗೆ, ಹದ್ದಿನ ರೆಕ್ಕೆಯಷ್ಟು ಚೆಂದ. ಇನ್ನೊಂದು ಅದರ ಎರಡು ಪಟ್ಟು, ದಪ್ಪ, ಮೊಂಡು, ಮೂಲೆಯಲ್ಲಿ ಪರಚಿದ ಗುರುತು.

"ಕೆರೆ ಎಷ್ಟು ಆಳ ಇದೆ? ಗಾಳಿ ಹೇಗೆ? ನಿಮ್ಮ ತೂಕ ಎಷ್ಟು?" ಎಂದು ಅವರು ಕೇಳಿದರು.

"ಆಳ ಭಾಳ ಐತ್ರಿ. ಗಾಳಿ ಅಂತೂ ಕೇಳಬ್ಯಾಡ್ರಿ, ಆಷಾಢದಾಗ ತಗಡ ಹಾರ್ತಾವ. ತೂಕ ಅರವತ್ತೈದು."

ಮೂರೂ ಉತ್ತರ ಅಂದಾಜಿನವು. ಮೂರನೆಯದು ಅಂದಾಜೂ ಅಲ್ಲ, ಆಸೆ. ಅವರು ದಪ್ಪ ರೆಕ್ಕೆಯ ಮೇಲೆ ಕೈಯಿಟ್ಟು, "ಹೊಸಬರಿಗೆ ಇದೇ ಒಳ್ಳೇದು ಅಕ್ಕ, ಮೆಲ್ಲಗೆ ಹೋದರೂ ಎತ್ತುತ್ತದೆ," ಎಂದರು. ನನ್ನ ಕಣ್ಣು ತೆಳ್ಳನೆಯದರ ಮೇಲೆ ನೆಟ್ಟುಹೋಗಿತ್ತು. ಉಳಿದ ಸಾಮಾನಿನ ಜೊತೆ ಅದನ್ನೇ ಕೊಂಡು ತಂದೆ.

ಬ್ಯಾಡಗಿಯಲ್ಲಿ ನನ್ನ ಅಣ್ಣನದು ಲೇತ್ ವರ್ಕ್‌ಶಾಪ್. ಖಾರ ಕುಟ್ಟುವ ಯಂತ್ರಗಳ ಬಿಡಿಭಾಗ ಮಾಡಿಕೊಡುತ್ತಾನೆ. ಆಷಾಢದಲ್ಲಿ ನನ್ನ ವಾರದ ರಜೆ ಬಿದ್ದ ಒಂದು ದಿನ ಅವನ ಗೂಡ್ಸ್ ಗಾಡಿಯಲ್ಲಿ ಎಲ್ಲವನ್ನೂ ಹೇರಿಕೊಂಡು ಕೆರೆಗೆ ಹೋದೆವು. ಗಾಳಿ ನಾನು ಹೇಳಿದಂತೆಯೇ ಇತ್ತು, ಅಥವಾ ದಂಡೆಯ ಮೇಲೆ ನಿಂತಾಗ ಹಾಗೆನಿಸಿತ್ತು. ಲೈಫ್ ಜಾಕೆಟ್ ಹಾಕಿ, ಹೆಲ್ಮೆಟ್ ಬಿಗಿದು, ಹಲಗೆ ಹತ್ತಿದೆ. ಹತ್ತು ಮಾರು ಹೋಗುವುದರೊಳಗೆ ತಳದಲ್ಲಿ ಏನೋ ಗಕ್ಕನೆ ಹಿಡಿದಂತಾಗಿ ಹಲಗೆ ನಿಂತಿತು, ನಾನು ಮುಂದಕ್ಕೆ ಹೋದೆ. ಎದ್ದು ನಿಂತರೆ ನೀರು ಸೊಂಟದವರೆಗೆ ಮಾತ್ರ. ರೆಕ್ಕೆ ಕೆಸರಿನಲ್ಲಿ ಹೂತಿತ್ತು.

ಹರಿಗೋಲಿನಲ್ಲಿ ಬಲೆ ಬಿಡುತ್ತಿದ್ದ ಮೀನುಗಾರರೊಬ್ಬರು ಹತ್ತಿರ ಬಂದರು. ಅರವತ್ತು ದಾಟಿದವರು, ಆ ಕೆರೆಯಲ್ಲೇ ಬೆಳೆದವರು.

"ಯವ್ವಾ, ಇಲ್ಲಿ ಎಮ್ಮಿ ಮೈ ತೊಳಿತಾರ. ಇಲ್ಲೆ ಏನ ನಾಟಿ ಮಾಡಾಕತ್ತೀರಿ?"

ಅಣ್ಣ ದಂಡೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ನಗು ಬಂತು. ಕೆಸರು ತೊಳೆದು, ಇನ್ನಷ್ಟು ಮುಂದಕ್ಕೆ ಈಜಿ ಹೋಗಿ ಮತ್ತೆ ಹತ್ತಿದೆ. ಈಗ ತಳ ಸಿಗಲಿಲ್ಲ, ಆದರೆ ರೆಕ್ಕೆಯೂ ಎತ್ತಲಿಲ್ಲ. ಇಡೀ ಬೆಳಗು ನಾನು ನೀರನ್ನು ಉಜ್ಜಿಕೊಂಡು ಅತ್ತಿಂದಿತ್ತ ಹೋದೆ, ಒಂದು ಬೆರಳಿನಷ್ಟೂ ಮೇಲೇಳಲಿಲ್ಲ.

ಆದರೂ ನನಗೆ ಬೇಸರವಾಗಲಿಲ್ಲ. ಎಲ್ಲಿ ತಪ್ಪಿದೆ ಎಂದು ಕಂಡುಹಿಡಿಯುವ ಹುರುಪು ಹತ್ತಿಕೊಂಡಿತ್ತು. ನಾನು ಮೀನುಗಾರರನ್ನು ಕೇಳಿದೆ, "ಕಾಕಾ, ಕೆರಿ ಎಲ್ಲೆಲ್ಲಿ ಎಷ್ಟ ಆಳ ಐತಿ ತೋರಸ್ತೀರೇನು?"

"ತೋರಸಾಕ ಏನೈತಿ, ಕುಂದ್ರ ಬಾ," ಎಂದು ಅವರು ಹರಿಗೋಲಿನಲ್ಲಿ ಜಾಗ ಮಾಡಿದರು.

ಅವರ ಬಿದಿರಿನ ಗಳಕ್ಕೆ ನಾನು ಅಡಿಗೊಂದರಂತೆ ಕೆಂಪು ದಾರ ಕಟ್ಟಿದೆ. ಅವರು ಗಳ ಇಳಿಸಿ ಆಳ ಹೇಳುತ್ತಾ ಹೋದರು, ನಾನು ಟಿಕೆಟ್ ರೋಲಿನ ಕಾಗದದ ಮೇಲೆ ಬರೆಯುತ್ತಾ ಹೋದೆ. ಪಡುವಣ ಬದಿಗೆಲ್ಲ ಎರಡೂವರೆ ಅಡಿ, ಬೇವಿನ ಮರದ ನೇರಕ್ಕೆ ಮೂರು, ಏರಿಯ ಕಡೆಗೆ ಹೋದಂತೆ ಆಳು ಮುಳುಗುವಷ್ಟು. ನಮ್ಮ ಗಾಳಿ ಬರುವುದು ಪಡುವಣದಿಂದ. ಹಾಗಾಗಿ ನಾನು ಹೊರಡಲೇಬೇಕಾದದ್ದು ಆಳವಿಲ್ಲದ ಕಡೆಯಿಂದ. ಎಂಬತ್ತೈದು ಸೆಂಟಿಮೀಟರಿನ ಕಂಬಕ್ಕೆ ಅಲ್ಲಿ ನೀರೇ ಸಾಲದು. ಕಡಲಿಗೆ ಸರಿಯಾದ ಕಂಬ ನಮ್ಮ ಕೆರೆಗೆ ಉದ್ದವಾಗಿತ್ತು.

ಬರುವಾಗ ದಾರಿಯಲ್ಲಿ ಅಣ್ಣ ಕೇಳಿದ, "ಖರೇ ಹೇಳು, ನಿನ್ನ ತೂಕ ಅರವತ್ತೈದೇನ?"

"ಮದುವಿ ಹೊತ್ತಿನ್ಯಾಗ ಇತ್ತು."

ಬ್ಯಾಡಗಿಗೆ ಮುಟ್ಟಿದ ಮೇಲೆ ಅವನು ನನ್ನನ್ನು ಪಕ್ಕದ ಮೆಣಸಿನಕಾಯಿ ಅಂಗಡಿಗೆ ಕರೆದೊಯ್ದು ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದ. ಒದ್ದೆ ಬಟ್ಟೆ, ಲೈಫ್ ಜಾಕೆಟ್, ಹೆಲ್ಮೆಟ್ ಸಮೇತ. ನೀರಿನ ಮೇಲೆ ಎತ್ತಬೇಕಾದ ತೂಕ ಅದೇ ತಾನೇ ಎಂಬುದು ಅವನ ಲೆಕ್ಕ. ಘಾಟಿಗೆ ನಾನು ಸೀನುತ್ತಿದ್ದುದರಿಂದ ಮುಳ್ಳು ನಿಲ್ಲಲೇ ಇಲ್ಲ. ಅಂಗಡಿಯವರು, "ಅಕ್ಕಾರ, ಸ್ವಲ್ಪ ಸೀನ ತಡೀರಿ," ಎಂದು ಕೇಳಿಕೊಂಡರು. ತಡೆದೆ. ಎಪ್ಪತ್ತೆಂಟು.

ವರ್ಕ್‌ಶಾಪಿಗೆ ಬಂದವಳೇ ಕಾರವಾರಕ್ಕೆ ಫೋನ್ ಮಾಡಿದೆ. ಆಳ, ಗಾಳಿ, ತೂಕ ಮೂರನ್ನೂ ಈ ಸಲ ಇದ್ದಂತೆ ಹೇಳಿದೆ. ತರಬೇತುದಾರರು ನಗಲಿಲ್ಲ. ತಪ್ಪು ಎಲ್ಲಿತ್ತೆಂದು ಗೊತ್ತಾದ ಸಮಾಧಾನ ಅವರ ದನಿಯಲ್ಲಿತ್ತು.

"ತೆಳ್ಳಗಿನ ರೆಕ್ಕೆ ಜೋರು ಓಡಿದ್ರೆ ಮಾತ್ರ ಎತ್ತುತ್ತದೆ ಅಕ್ಕ. ನಿಮ್ಮ ಕೆರೆ ಗಾಳಿ ಬಂದು ಬಂದು ನಿಲ್ತದೆ, ಕಡಲಿನ ಹಾಗೆ ಒಂದೇ ಸಮ ಬೀಸೂದಿಲ್ಲ. ದಪ್ಪ ರೆಕ್ಕೆ ಇನ್ನೂ ಇಲ್ಲೇ ಇದೆ, ಬದಲಿ ಕೊಡ್ತೇನೆ. ಕಂಬ ಮಾತ್ರ ಗಿಡ್ಡದು ನನ್ನ ಹತ್ತಿರ ಇಲ್ಲ. ಅರವತ್ತರದ್ದು ಎಲ್ಲಾದ್ರೂ ಹುಡುಕಿ."

ನಾನು ಅಣ್ಣನ ಮುಖ ನೋಡಿದೆ. ಅವನು ಆಗಲೇ ಕಂಬವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಒಳಗೆ ಟೊಳ್ಳು, ತುದಿಯಲ್ಲಿ ಬೋಲ್ಟಿನ ತೂತುಗಳು.

"ಕೊಯ್ದು ಹೊಸ ಥ್ರೆಡ್ ಹಾಕಬೌದು," ಎಂದ. "ಆದ್ರ ಒಮ್ಮೆ ಕೊಯ್ದರ ಮತ್ತ ಜೋಡಸಾಕ ಬರಾಂಗಿಲ್ಲ ನೋಡು."

"ಅರವತ್ತಕ್ಕ ಕೊಯ್ದ ಬಿಡು."

"ಬ್ಯಾಡ. ಅರವತ್ತೈದಕ್ಕ ಕೊಯ್ಯೋಣ. ಉದ್ದ ಆದ್ರ ಇನ್ನೊಮ್ಮಿ ಕೊಯ್ತೀನಿ. ಗಿಡ್ಡ ಆದ್ರ ನಾ ಏನ ಮಾಡ್ಲಿ?"

ನಾನು ಅರವತ್ತೈದಕ್ಕೆ ಗುರುತು ಹಾಕಿಕೊಟ್ಟೆ. ಗರಗಸ ಯಂತ್ರ ಅಲ್ಯೂಮಿನಿಯಂ ಮುಟ್ಟುವ ಮೊದಲು ಇನ್ನೊಮ್ಮೆ ಅಳೆದು ನೋಡಿದೆ. ಅಣ್ಣ ಅವಸರ ಮಾಡಲಿಲ್ಲ. ಕೊಯ್ದ ತುದಿಯನ್ನು ಲೇತಿನಲ್ಲಿ ಸಮ ಮಾಡಿ, ಹನಿಹನಿಯಾಗಿ ಎಣ್ಣೆ ಬಿಟ್ಟು ಥ್ರೆಡ್ ಹಾಕಿ, ಬೋಲ್ಟ್ ಬಿಗಿದು, ಅಲುಗಾಡಿಸಿ ನೋಡಿದ. ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ಅವನ ಮುಖದಲ್ಲಿ ನನಗಿಂತ ಹೆಚ್ಚು ಖುಷಿ.

ಮುಂದಿನ ಡ್ಯೂಟಿಯಲ್ಲಿ ತೆಳ್ಳನೆಯ ರೆಕ್ಕೆ ಕೊಟ್ಟು ದಪ್ಪದ್ದನ್ನು ತಂದೆ. ಬಸ್ಸಿನಲ್ಲಿ ಅದಕ್ಕೆ ಲಗೇಜ್ ಟಿಕೆಟ್ ನಾನೇ ಹರಿದುಕೊಂಡೆ. ಪಕ್ಕದ ಸೀಟಿನ ಅಜ್ಜಿಯೊಬ್ಬರು ಹಾವೇರಿಯವರೆಗೂ ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಇಳಿಯುವಾಗ, "ಏನರ ಆಗಿರಲಿ ತಂಗಿ, ಭಾಳ ನುಣುಪ ಐತಿ," ಎಂದರು.

ಮರುವಾರ ಮತ್ತೆ ಕೆರೆ. ಬೇವಿನ ಮರದ ನೇರಕ್ಕೆ ಹಲಗೆ ಇಳಿಸಿದೆವು. ತಳ ಮುಟ್ಟಲಿಲ್ಲ. ಮಂಡಿಯೂರಿ ಕೂತು, ಪಟ ಎತ್ತಿ, ಮೆಲ್ಲಗೆ ಎದ್ದು ನಿಂತೆ. ಬೀಸು ಬಂತು. ಹಲಗೆ ಓಡಿತು. ಕಾಲಡಿಯಿಂದ ಯಾರೋ ಭುಜ ಕೊಟ್ಟು ಎತ್ತಿದಂತಾಯಿತು. ಮರುಕ್ಷಣ ಹಲಗೆಯ ಮೂಗು ಆಕಾಶ ನೋಡಿತು, ನಾನು ಬೆನ್ನ ಮೇಲೆ ಬಿದ್ದೆ.

ನಾಲ್ಕು ಸಲ ಹೀಗೇ ಆಯಿತು. ಎತ್ತಲಾರದ ರೆಕ್ಕೆ ಹೋಗಿ, ಅತಿಯಾಗಿ ಎತ್ತುವ ರೆಕ್ಕೆ ಬಂದಿತ್ತು. ಅಣ್ಣ ನೀರಿಗಿಳಿದು ಬಂದ. ಹಲಗೆಯ ತಳದಲ್ಲಿ ಕಂಬವನ್ನು ಹಿಂದೆ ಮುಂದೆ ಸರಿಸಲು ಎರಡು ಉದ್ದನೆಯ ಸೀಳುಗಳಿವೆ. ಅವನ್ನು ಅವನು ಬೆರಳಿನಿಂದ ಸವರಿ ನೋಡಿದ.

"ಎತ್ತೂದು ಭಾಳ ಮುಂದ ಬಂದೈತಿ. ಎರಡ ಬಟ್ಟ ಹಿಂದ ಹಾಕೂನು," ಎಂದು ಬೋಲ್ಟ್ ಸಡಿಲಿಸಿದ. ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿ ಬಿಗಿದ. "ನೀನೂ ಮುಂದಿನ ಕಾಲಿನ ಮ್ಯಾಲ ಭಾರ ಹಾಕು."

ಐದನೆಯ ಸಲ ಬೀಸು ಬಂದಾಗ ನಾನು ಮುಂದಿನ ಕಾಲನ್ನು ಒತ್ತಿ ನಿಂತೆ. ಹಲಗೆ ಓಡಿತು, ನೀರು ಹಲಗೆಗೆ ಬಡಿಯುವ ಸದ್ದು ಪಟಪಟನೆ ಕೇಳಿತು, ಆಮೇಲೆ ಥಟ್ಟನೆ ನಿಂತುಹೋಯಿತು. ಕೆಳಗೆ ನೋಡಿದೆ. ಹಲಗೆಗೂ ನೀರಿಗೂ ನಡುವೆ ಒಂದು ಮೊಳ ಜಾಗ. ನನ್ನ ನೆರಳು ನನ್ನಿಂದ ಬೇರೆಯಾಗಿ ನೀರಿನ ಮೇಲೆ ಹರಿದುಬರುತ್ತಿತ್ತು. ಕಾಲಿಗೆ ತಗಲುತ್ತಿದ್ದುದು ಸಣ್ಣದೊಂದು ಗುಂಯ್‌ಗುಡುವಿಕೆ ಮಾತ್ರ.

ಬೀಸು ಸಣ್ಣಗಾಯಿತು. ತೆಳ್ಳನೆಯ ರೆಕ್ಕೆಯಾಗಿದ್ದರೆ ಅಲ್ಲೇ ಇಳಿಸಿಬಿಡುತ್ತಿತ್ತು. ಇದು ಇಳಿಸಲಿಲ್ಲ. ಕತ್ತು ಬಗ್ಗಿಸಿ ಗೇಯುವ ಎತ್ತಿನ ಹಾಗೆ ಎಳೆದುಕೊಂಡು ಹೋಯಿತು, ಮುಂದಿನ ಬೀಸು ಬರುವವರೆಗೂ. ಮೀನುಗಾರ ಕಾಕಾ ಹರಿಗೋಲಿನಲ್ಲಿ ಎದ್ದು ನಿಂತಿದ್ದರು. ದಂಡೆಯ ಮೇಲೆ ಅಣ್ಣ ಪ್ಯಾಂಟಿನಿಂದ ನೀರು ಸುರಿಸಿಕೊಂಡು ನನ್ನ ಸಮಕ್ಕೆ ಓಡಿ ಬರುತ್ತಿದ್ದ. ಐವತ್ತೆರಡರ ಮನುಷ್ಯ. ನಾನು ಬಾಯಿ ತೆರೆದು ನಗುತ್ತಲೇ ಇದ್ದೆ, ಹಲ್ಲಿಗೆಲ್ಲ ಗಾಳಿ ಹೊಡೆಯುತ್ತಿತ್ತು.

ತಿರುಗಿಸುವುದನ್ನು ಮಾತ್ರ ನಾನಿನ್ನೂ ಕಲಿತಿರಲಿಲ್ಲ. ಕೆರೆ ಮುಗಿಯುತ್ತಾ ಬಂದಾಗ ಅದು ನೆನಪಾಯಿತು. ಪಟ ಬಿಟ್ಟು ನೀರಿಗೆ ಬಿದ್ದು, ಹಲಗೆ, ಪಟ ಎರಡನ್ನೂ ಎಳೆದುಕೊಂಡು ಆಚೆ ದಂಡೆ ಹತ್ತಿದೆ. ಅಲ್ಲಿ ಗೋವಿನಜೋಳದ ಹೊಲದಲ್ಲಿ ನಾಲ್ವರು ಹೆಂಗಸರು ಕಳೆ ತೆಗೆಯುವುದನ್ನು ಬಿಟ್ಟು ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಹಿರಿಯಳು ಮುಂದೆ ಬಂದು ಹಲಗೆಯನ್ನು ಕುಡುಗೋಲಿನ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿದಳು.

"ಮೋಟಾರ ಎಲ್ಲೈತಿ?"

"ಇಲ್ರಿ ಅಕ್ಕಾರ. ಬರೇ ಗಾಳಿ."

"ನಮ್ಮ ಮ್ಯಾಲೂ ಇದ ಗಾಳಿ ಮುಂಜಾನಿಂದ ಬೀಸಾಕತ್ತೈತಿ," ಎಂದಳು ಆಕೆ, ಹಾರಿಹೋಗುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ. ಉಳಿದವರು ನಕ್ಕರು. ನಾನು ಫಾಯಿಲನ್ನು ಮಗುಚಿ ಯಾವುದು ಎತ್ತುತ್ತದೆ, ಯಾವುದು ಸಮ ಹಿಡಿಯುತ್ತದೆ ಎಂದು ತೋರಿಸಿದೆ. ಒಬ್ಬಳು ಬುತ್ತಿಗಂಟು ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ, ಎಣ್ಣೆ ಹಾಕಿ ಕೈಗಿಟ್ಟಳು. ಒದ್ದೆ ಕೈಯಲ್ಲೇ ತಿಂದೆ. ಅಷ್ಟು ಹಸಿವಾಗಿದೆಯೆಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅಣ್ಣ ಕೆರೆ ಸುತ್ತಿ ಏದುಸಿರು ಬಿಡುತ್ತಾ ಬಂದು ತಲುಪಿದ. ಮೊದಲು ಕಂಬದ ಬುಡಕ್ಕೆ ಕೈಹಾಕಿ ಬೋಲ್ಟ್ ಮುಟ್ಟಿ ನೋಡಿದ. ಬಿಗಿಯಾಗಿಯೇ ಇತ್ತು. ಆಮೇಲೆ ಬದುವಿನ ಮೇಲೆ ಕೂತು, ತನಗೂ ಅರ್ಧ ರೊಟ್ಟಿ ಇಸಿದುಕೊಂಡು, "ಇನ್ನೊಮ್ಮಿ ಹೋಗ, ಈ ಸರ್ತಿ ನಾ ಕುಂತ ನೋಡ್ತೀನಿ," ಎಂದ.

ಗೋವಿನಜೋಳದ ಗರಿಗಳು ಮತ್ತೆ ಒಂದೇ ಕಡೆಗೆ ಬಾಗತೊಡಗಿದ್ದವು. ನಾನು ಹಲಗೆ, ಪಟ ಹೊತ್ತುಕೊಂಡು ನೀರಿಗಿಳಿದೆ.